ಸೋಂಕಿನ ಸರಪಳಿಯಲ್ಲಿ ಮೊದಲು ಮುರಿಯಬೇಕಾದ ಕೊಂಡಿ ಯಾವುದು?

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಸಾಂಕ್ರಾಮಿಕ ರೋಗಗಳ ಪಾಠ ಬಂದಾಗಲೆಲ್ಲ ಅದು ಸೋಂಕಿನ ಸರಪಳಿಯಿಂದಲೇ ಆರಂಭವಾಗುತ್ತದೆ: ರೋಗಾಣು, ಅದು ನೆಲೆಸಿರುವ ಆಕರ, ಅಲ್ಲಿಂದ ಹೊರಬರುವ ದಾರಿ, ಹರಡುವ ಬಗೆ, ಇನ್ನೊಂದು ದೇಹವನ್ನು ಹೊಗುವ ದಾರಿ, ಕೊನೆಗೆ ಸೋಂಕಿಗೆ ಒಳಗಾಗಬಲ್ಲ ವ್ಯಕ್ತಿ. ಈ ಆರರಲ್ಲಿ ಯಾವುದಾದರೂ ಒಂದು ಕೊಂಡಿಯನ್ನು ಮುರಿದರೆ ರೋಗ ಹರಡುವುದು ನಿಲ್ಲುತ್ತದೆ ಎಂದು ಪಠ್ಯ ಹೇಳುತ್ತದೆ. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಇಷ್ಟು ಸಾಕಾಗಬಹುದು, ಆದರೆ ನನಗೆ ಸಮಾಧಾನವಾಗಿಲ್ಲ.

ಒಂದು ರೋಗ ಎದುರಿಗೆ ಬಂದಾಗ ಆರು ಕೊಂಡಿಗಳಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂಬುದನ್ನು ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ? ಇದು ನನ್ನ ಮೊದಲ ಪ್ರಶ್ನೆ. ಎರಡನೆಯದು ನಮ್ಮ ವೃತ್ತಿಗೆ ಸಂಬಂಧಿಸಿದ್ದು. ಶುದ್ಧ ನೀರನ್ನು ಒದಗಿಸುವವರು ಎಂಜಿನಿಯರುಗಳು, ಲಸಿಕೆಯನ್ನು ತಯಾರಿಸುವವರು ವಿಜ್ಞಾನಿಗಳು, ಔಷಧವನ್ನು ಬರೆದುಕೊಡುವವರು ವೈದ್ಯರು. ಹಾಗಾದರೆ ಇದರಲ್ಲಿ ನರ್ಸಿನ ಸ್ವಂತ ಪಾಲು ಯಾವುದು? ಚುಚ್ಚುಮದ್ದು ಕೊಡುವುದು ಮತ್ತು ಕೈ ತೊಳೆಯಲು ಹೇಳುವುದು ಮಾತ್ರವೇ? ಮೂರನೆಯದಾಗಿ, ಸಿಡುಬು ಭೂಮಿಯಿಂದಲೇ ಕಣ್ಮರೆಯಾಯಿತು. ದಡಾರಕ್ಕೆ 1963ರಿಂದಲೇ ಪರಿಣಾಮಕಾರಿ ಲಸಿಕೆಯಿದ್ದರೂ ಅದು ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಲಸಿಕೆ ಎರಡಕ್ಕೂ ಇರುವಾಗ ಫಲಿತಾಂಶದಲ್ಲಿ ಇಷ್ಟು ಅಂತರ ಏಕೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಮುದಾಯ ಆರೋಗ್ಯ ಶುಶ್ರೂಷೆಯ ಬೋಧಕಿ

ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದಕ್ಕೆ ಉತ್ತರ ದೊರೆತರೆ ಮೊದಲನೆಯದಕ್ಕೂ ಬಹುಪಾಲು ದೊರೆತಂತೆಯೇ. ಸಿಡುಬಿಗೂ ದಡಾರಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಲಸಿಕೆಯ ಗುಣದಲ್ಲಿ ಹುಡುಕಬಾರದು, ರೋಗಿಯು ಇತರರಿಗೆ ಸೋಂಕು ಹರಡಲು ತೊಡಗುವ ಹೊತ್ತಿನಲ್ಲಿ ಹುಡುಕಬೇಕು.

ಸಿಡುಬಿನ ವೈರಾಣು ದೇಹವನ್ನು ಹೊಕ್ಕ ಮೇಲೆ ಸುಮಾರು ಎರಡು ವಾರ ಆ ವ್ಯಕ್ತಿಯಿಂದ ಯಾರಿಗೂ ಸೋಂಕು ತಗುಲುತ್ತಿರಲಿಲ್ಲ. ಜ್ವರ ಬಂದು ಗುಳ್ಳೆಗಳು ಏಳುವ ಹೊತ್ತಿಗೆ ಹರಡುವಿಕೆ ಆರಂಭವಾಗುತ್ತಿತ್ತು, ಅಷ್ಟರಲ್ಲಿ ರೋಗಿಯು ಹಾಸಿಗೆ ಹಿಡಿದಿರುತ್ತಿದ್ದ. ಗುಳ್ಳೆಗಳು ಮುಖ ಮತ್ತು ಕೈಕಾಲುಗಳ ಮೇಲೆ ದಟ್ಟವಾಗಿ ಮೂಡುತ್ತಿದ್ದುದರಿಂದ ಓದು ಬಾರದವರೂ ರೋಗವನ್ನು ಗುರುತಿಸಬಲ್ಲವರಾಗಿದ್ದರು. ಪ್ರಾಣಿಗಳಲ್ಲಿ ಈ ವೈರಾಣುವಿಗೆ ನೆಲೆಯಿರಲಿಲ್ಲ. ಲಕ್ಷಣವಿಲ್ಲದೆ ದೀರ್ಘಕಾಲ ರೋಗವನ್ನು ಹೊತ್ತು ತಿರುಗುವ ವಾಹಕರೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಸಂಪರ್ಕಕ್ಕೆ ಬಂದ ಮೂರು ನಾಲ್ಕು ದಿನಗಳೊಳಗೆ ಲಸಿಕೆ ಹಾಕಿದರೆ ರೋಗವನ್ನು ತಡೆಯಲು, ಇಲ್ಲವೇ ಅದರ ತೀವ್ರತೆಯನ್ನು ತಗ್ಗಿಸಲು ಸಾಧ್ಯವಿತ್ತು. ಆದ್ದರಿಂದ ಅಲ್ಲಿ ಮುರಿಯಬೇಕಾದ ಕೊಂಡಿ ಸ್ಪಷ್ಟವಾಗಿತ್ತು: ರೋಗಿಯನ್ನು ಹುಡುಕಿ, ಪ್ರತ್ಯೇಕವಾಗಿಟ್ಟು, ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವುದು.

ಈ ವಿಧಾನ ರೂಪುಗೊಂಡ ಬಗೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ಸಿಡುಬು ಕಾಣಿಸಿಕೊಂಡಾಗ ಎಲ್ಲರಿಗೂ ಹಾಕುವಷ್ಟು ಲಸಿಕೆ ಕೈಯಲ್ಲಿರಲಿಲ್ಲ. ಅಲ್ಲಿದ್ದ ವೈದ್ಯ ವಿಲಿಯಂ ಫೋಗಿ ಮತ್ತು ಅವರ ಸಂಗಡಿಗರು ಮಿಷನರಿಗಳ ರೇಡಿಯೊ ಸಂಪರ್ಕವನ್ನು ಬಳಸಿಕೊಂಡು ಯಾವ ಯಾವ ಹಳ್ಳಿಯಲ್ಲಿ ರೋಗವಿದೆ ಎಂದು ವಿಚಾರಿಸಿದರು. ರೋಗವಿದ್ದ ಹಳ್ಳಿಗಳಲ್ಲಿ ಮತ್ತು ಅಲ್ಲಿಂದ ಅದು ಹೋಗಬಹುದಾದ ಕಡೆಗಳಲ್ಲಿ ಮಾತ್ರ ಇದ್ದ ಲಸಿಕೆಯನ್ನು ಬಳಸಿದರು. ರೋಗ ನಿಂತಿತು. ಜನಸಂಖ್ಯೆಯ ಬಹುಪಾಲಿಗೆ ಲಸಿಕೆ ಹಾಕದೆಯೇ ರೋಗವನ್ನು ನಿಲ್ಲಿಸಬಹುದು ಎಂಬುದು ಅಂದಿನ ನಂಬಿಕೆಗೆ ವಿರುದ್ಧವಾಗಿತ್ತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ತೀವ್ರ ಕಾರ್ಯಕ್ರಮದಲ್ಲಿ ಮನೆ ಮನೆ ಹುಡುಕಾಟ ಮುಖ್ಯ ಸಾಧನವಾಯಿತು. 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಕಂಡುಬಂದರು. 1980ರ ಮೇ 8ರಂದು ಸಿಡುಬು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಗಮನಿಸಿ, ಇಂಗ್ಲೆಂಡಿನ ವೈದ್ಯ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಲಸಿಕೆ ಕೈಗೆ ಬಂದು 170 ವರ್ಷಗಳಾಗಿದ್ದರೂ ಜಗತ್ತಿನಿಂದ ಹೋಗದಿದ್ದ ರೋಗ, ಮನೆ ಮನೆಗೆ ಹೋಗಿ ಹುಡುಕುವ ಕೆಲಸ ಲಸಿಕೆಯ ಜೊತೆಗೆ ಸೇರಿದ ಮೇಲೆ ಸುಮಾರು ಹತ್ತು ವರ್ಷಗಳಲ್ಲಿ ಹೋಯಿತು.

ದಡಾರದಲ್ಲಿ ಇದೇ ವಿಧಾನ ನಡೆಯುವುದಿಲ್ಲ. ಮೈಮೇಲೆ ದದ್ದು ಕಾಣುವ ನಾಲ್ಕು ದಿನ ಮೊದಲೇ ಮಗು ಸೋಂಕನ್ನು ಹರಡಲು ತೊಡಗಿರುತ್ತದೆ, ಮತ್ತು ಆಗ ಅದಕ್ಕೆ ಸಾಧಾರಣ ನೆಗಡಿ, ಕೆಮ್ಮು, ಜ್ವರ ಇರುವಂತೆ ತೋರುತ್ತದೆ. ರೋಗಿಯು ಎದ್ದುಹೋದ ಕೋಣೆಯ ಗಾಳಿಯಲ್ಲಿ ಈ ವೈರಾಣು ಎರಡು ಗಂಟೆಯವರೆಗೂ ಉಳಿಯಬಲ್ಲದು. ಯಾರಿಗೂ ಪ್ರತಿರೋಧವಿಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ ಸರಾಸರಿ 12ರಿಂದ 18 ಜನರಿಗೆ ಅದು ಹರಡುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ರೋಗಿಯನ್ನು ಗುರುತಿಸುವ ಹೊತ್ತಿಗೆ ರೋಗ ನಮ್ಮನ್ನು ದಾಟಿ ಹೋಗಿರುತ್ತದೆ. ಹೀಗಾಗಿ ಇಲ್ಲಿ ಮುರಿಯಬಹುದಾದ ಕೊಂಡಿ ಕೊನೆಯದು ಮಾತ್ರ, ಅಂದರೆ ಸೋಂಕಿಗೆ ಒಳಗಾಗಬಲ್ಲ ವ್ಯಕ್ತಿಗಳೇ ಉಳಿಯದಂತೆ ಮಾಡುವುದು. ಅದಕ್ಕಾಗಿ ಪ್ರತಿ ಸಮುದಾಯದಲ್ಲೂ ಸುಮಾರು ಶೇಕಡಾ 95ರಷ್ಟು ಮಕ್ಕಳಿಗೆ ಎರಡು ಡೋಸ್ ಲಸಿಕೆ ಆಗಿರಬೇಕು.

ಇಲ್ಲಿ ಶೇಕಡಾವಾರು ಲೆಕ್ಕ ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಲಸಿಕೆ ತಪ್ಪಿದ ಉಳಿದ ಐದು ಮಕ್ಕಳು ನೂರು ಮನೆಗಳಲ್ಲಿ ಚದುರಿ ಹೋಗಿದ್ದರೆ ರೋಗಕ್ಕೆ ದಾರಿ ಸಿಗುವುದಿಲ್ಲ. ಆದರೆ ಅವರು ಸಾಮಾನ್ಯವಾಗಿ ಚದುರಿರುವುದಿಲ್ಲ; ಕೆಲಸ ಅರಸಿ ಊರಿಂದ ಊರಿಗೆ ಹೋಗುವವರ ಶೆಡ್ಡುಗಳಲ್ಲಿ, ಲಸಿಕೆಯ ಬಗ್ಗೆ ಅನುಮಾನವಿರುವ ಒಂದೇ ಬೀದಿಯಲ್ಲಿ, ಆರೋಗ್ಯ ಕೇಂದ್ರಕ್ಕೆ ದೂರವಾದ ಒಂದೇ ಮೂಲೆಯಲ್ಲಿ ಒಟ್ಟಾಗಿ ಇರುತ್ತಾರೆ. ಜಿಲ್ಲೆಯ ಅಂಕಿಸಂಖ್ಯೆ ಚೆನ್ನಾಗಿರುವಾಗಲೇ ಆ ಮೂಲೆಯಲ್ಲಿ ದಡಾರ ಹೊತ್ತಿಕೊಳ್ಳುತ್ತದೆ. ಆ ಮೂಲೆ ಎಲ್ಲಿದೆ ಎಂಬುದು ಅಂಕಿಸಂಖ್ಯೆಯ ಪಟ್ಟಿಯಲ್ಲಿ ಕಾಣುವುದಿಲ್ಲ, ಮನೆ ಮನೆಗೆ ಹೋಗುವ ನರ್ಸಿಗೆ ಗೊತ್ತಿರುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ. ಲಸಿಕೆ ಹಾಕಿಸಿಕೊಂಡವರ ಪಟ್ಟಿಯನ್ನು ಯಾರಾದರೂ ಬರೆದಿಡಬಹುದು. ಹಾಕಿಸಿಕೊಳ್ಳದವರ ಪಟ್ಟಿಯನ್ನು ತಯಾರಿಸಿ, ಒಂದೊಂದು ಹೆಸರಿನ ಹಿಂದಿರುವ ಕಾರಣವನ್ನು ತಿಳಿದು, ಮತ್ತೆ ಆ ಬಾಗಿಲಿಗೆ ಹೋಗುವುದು ಶುಶ್ರೂಷೆಯ ಕೆಲಸ.

ಪೋಲಿಯೊ ಮೂರನೆಯ ಬಗೆಯದು. ಸೋಂಕಿತರಲ್ಲಿ ಬಹುತೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಸುಮಾರು 200 ಸೋಂಕಿತರಲ್ಲಿ ಒಬ್ಬರಿಗೆ ಪಾರ್ಶ್ವವಾಯು ಉಂಟಾಗುತ್ತದೆ. ಕೈಕಾಲಿನ ಸ್ವಾಧೀನ ತಪ್ಪಿದ ಒಂದು ಮಗು ಕಣ್ಣಿಗೆ ಬಿದ್ದರೆ, ಕಾಣದ ಇನ್ನೂರು ಸೋಂಕುಗಳು ಸುತ್ತಮುತ್ತ ಇವೆಯೆಂದು ತಿಳಿಯಬೇಕು. ಅದಕ್ಕಾಗಿಯೇ 15 ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋತು ಜೋತುಬಿದ್ದರೆ, ಕಾರಣ ಏನೇ ಇರಬಹುದೆಂದು ತೋರಿದರೂ, ಕೂಡಲೇ ವರದಿ ಮಾಡಿ ಮಲದ ಮಾದರಿಯನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಪ್ರಯೋಗಾಲಯದಿಂದ ದೃಢಪಟ್ಟ ಮೇಲೆ ತಿಳಿಸೋಣ ಎಂದು ಕಾಯುವುದು ಈ ರೋಗದಲ್ಲಿ ಅಪಾಯಕಾರಿ.

ಆದ್ದರಿಂದ ಹೊಸ ರೋಗವೊಂದರ ಹೆಸರು ಕೇಳಿದಾಗ ಮೊದಲು ವಿಚಾರಿಸಬೇಕಾದದ್ದು, ಸೋಂಕು ಹರಡುವುದು ಲಕ್ಷಣಕ್ಕಿಂತ ಮೊದಲೋ, ಜೊತೆಗೋ, ಆನಂತರವೋ ಎಂಬುದನ್ನು. 2003ರಲ್ಲಿ ಉಸಿರಾಟದ ಸೋಂಕಾದ ಸಾರ್ಸ್ ರೋಗವು ಎಂಟು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿದರೂ ಕೆಲವೇ ತಿಂಗಳಲ್ಲಿ ಹತೋಟಿಗೆ ಬಂತು. ಅದಕ್ಕೆ ಲಸಿಕೆ ಇರಲಿಲ್ಲ, ನಿರ್ದಿಷ್ಟ ಔಷಧವೂ ಇರಲಿಲ್ಲ. ರೋಗಿಯು ತೀವ್ರವಾಗಿ ಬಳಲುವ ಹಂತದಲ್ಲೇ ಅದು ಹೆಚ್ಚಾಗಿ ಹರಡುತ್ತಿದ್ದುದರಿಂದ ಪ್ರತ್ಯೇಕವಾಸ ಮತ್ತು ಸಂಪರ್ಕಿತರ ಪತ್ತೆ ಫಲ ಕೊಟ್ಟವು. ಕೋವಿಡ್ ಲಕ್ಷಣ ಕಾಣುವ ಮೊದಲೇ ಹರಡುತ್ತಿದ್ದುದರಿಂದ ಅದೇ ಕ್ರಮಗಳು ಸಾಕಾಗಲಿಲ್ಲ.

ಉತ್ತರ: ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್

ಮೇಲಿನ ಉತ್ತರವು ಸಮುದಾಯದ ದೃಷ್ಟಿಯಿಂದ ಪೂರ್ಣವಾಗಿದೆ. ವಾರ್ಡಿನೊಳಗೆ ಲೆಕ್ಕಾಚಾರ ಸ್ವಲ್ಪ ಬೇರೆಯಾಗುತ್ತದೆ ಎಂಬುದನ್ನು ಸೇರಿಸುತ್ತೇನೆ. ಆಸ್ಪತ್ರೆಯಲ್ಲಿ ರೋಗದ ಹೆಸರು ಗೊತ್ತಾಗುವ ಮೊದಲೇ ನಾವು ರೋಗಿಯನ್ನು ಮುಟ್ಟಿರುತ್ತೇವೆ. ಆದ್ದರಿಂದ ಇಲ್ಲಿ ರೋಗಕ್ಕೆ ತಕ್ಕ ಕೊಂಡಿಯನ್ನು ಹುಡುಕುತ್ತ ಕೂರಲು ಸಮಯವಿಲ್ಲ. ಹರಡುವ ಬಗೆಯನ್ನು, ಅದರಲ್ಲೂ ನಮ್ಮ ಕೈಗಳ ಮೂಲಕ ಹರಡುವುದನ್ನು, ಎಲ್ಲ ರೋಗಿಗಳ ವಿಷಯದಲ್ಲೂ ಎಲ್ಲ ಹೊತ್ತಿನಲ್ಲೂ ತಡೆಯಬೇಕು.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ 1847ರಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಕಂಡದ್ದು ಇದನ್ನೇ. ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಸಾಯುತ್ತಿದ್ದ ಪ್ರಮಾಣವು ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗಕ್ಕಿಂತ ಬಹಳ ಹೆಚ್ಚಾಗಿತ್ತು. ವಿದ್ಯಾರ್ಥಿಗಳು ಶವ ಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ, ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನಿನಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಈ ಸಾವುಗಳಿಗೆ ಕಾರಣವಾದ ರೋಗಾಣುವನ್ನು ಆಗ ಯಾರೂ ಗುರುತಿಸಿರಲಿಲ್ಲ. ಕಾರಣ ಪೂರ್ತಿ ತಿಳಿಯದಿದ್ದರೂ ಹರಡುವ ದಾರಿಯನ್ನು ಮುಚ್ಚಬಹುದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಕೈ ಶುಚಿಗೊಳಿಸಲು ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಗುರುತಿಸಿದೆ: ರೋಗಿಯನ್ನು ಮುಟ್ಟುವ ಮೊದಲು, ನಂಜುರಹಿತವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಅಥವಾ ದೇಹದ್ರವ ತಗುಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಮತ್ತು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಸಾಮಾನ್ಯವಾಗಿ ತಪ್ಪುವುದು ಮೊದಲಿನದು ಮತ್ತು ಕೊನೆಯದು. ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕೆಂದು ಮನಸ್ಸು ತಾನಾಗಿ ಹೇಳುತ್ತದೆ, ಏಕೆಂದರೆ ಅದು ನಮ್ಮ ರಕ್ಷಣೆ. ಮುಟ್ಟುವ ಮೊದಲು ತೊಳೆಯುವುದು ರೋಗಿಯ ರಕ್ಷಣೆ, ಅದಕ್ಕೆ ಅಭ್ಯಾಸ ಬೇಕು. ಮಂಚದ ಕಂಬಿ, ಡ್ರಿಪ್ಪಿನ ಸ್ಟ್ಯಾಂಡು, ಹಾಸಿಗೆಯ ಪಕ್ಕದ ಮೇಜು ಇವುಗಳನ್ನು ಮುಟ್ಟಿದ್ದನ್ನು ನಾವು ಮುಟ್ಟಿದ್ದೆಂದೇ ಎಣಿಸುವುದಿಲ್ಲ. ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಕೈಯಲ್ಲಿ ಕೊಳೆ ಕಾಣುತ್ತಿದ್ದರೆ ಅಥವಾ ಕ್ಲಾಸ್ಟ್ರಿಡಿಯಂ ಡಿಫಿಸಿಲೆಯಂತಹ ಬೀಜಕ ರೂಪದಲ್ಲಿ (ಗಟ್ಟಿ ಕವಚದ ಸುಪ್ತ ರೂಪದಲ್ಲಿ) ಉಳಿಯುವ ರೋಗಾಣುವಿನಿಂದ ಭೇದಿ ಆಗುತ್ತಿರುವ ರೋಗಿಯಾಗಿದ್ದರೆ ಆಲ್ಕೋಹಾಲ್ ಸಾಲದು, ಸೋಪು ನೀರೇ ಆಗಬೇಕು. ಕೈಗವಸು ತೊಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವವರನ್ನು ನಾನು ಇಂದಿಗೂ ತಡೆದು ನಿಲ್ಲಿಸುತ್ತೇನೆ. ಆ ಕೈಗವಸು ಅವರನ್ನು ಮಾತ್ರ ಕಾಯುತ್ತದೆ, ಮುಂದಿನ ಹಾಸಿಗೆಯವರನ್ನಲ್ಲ.

ಗಾಳಿಯಿಂದ ಹರಡುವ ಕ್ಷಯ, ದಡಾರ, ಸೀತಾಳೆ ಸಿಡುಬು ಇವುಗಳಲ್ಲಿ ನಿರ್ಣಾಯಕ ಕ್ಷಣವೆಂದರೆ ಹೊರರೋಗಿಗಳ ಸಾಲಿನಲ್ಲಿ ಕೆಮ್ಮುತ್ತಿರುವವರನ್ನು ಅಥವಾ ಮೈಮೇಲೆ ದದ್ದು ಇರುವ ಮಗುವನ್ನು ನೋಡಿದ ಕ್ಷಣ. ಅವರಿಗೆ ಕೂಡಲೇ ಮುಖಗವಸು ಕೊಟ್ಟು, ಕಿಟಕಿಗಳು ತೆರೆದಿರುವ ಬೇರೆ ಜಾಗದಲ್ಲಿ ಕೂರಿಸಿ, ಸರದಿಯನ್ನು ಮುಂದಕ್ಕೆ ತಂದುಕೊಡುವುದಕ್ಕೆ ವೈದ್ಯರ ಆದೇಶ ಬೇಕಾಗಿಲ್ಲ. ಮೂರು ಗಂಟೆ ಅವರು ಎಲ್ಲರ ನಡುವೆ ಕುಳಿತ ಮೇಲೆ ಎನ್95 ಧರಿಸಿ ಒಳಗೆ ಕರೆಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎನ್95 ಕೂಡ ಮುಖಕ್ಕೆ ಬಿಗಿಯಾಗಿ ಕುಳಿತಾಗ ಮಾತ್ರ ಕೆಲಸ ಮಾಡುತ್ತದೆ. ತೊಟ್ಟ ಮೇಲೆ ಅಂಚಿನಿಂದ ಗಾಳಿ ಸೋರುತ್ತಿದೆಯೇ ಎಂದು ಪ್ರತಿ ಬಾರಿಯೂ ಪರೀಕ್ಷಿಸಬೇಕು.

ನಮ್ಮ ಸ್ವಂತ ರಕ್ಷಣೆಯ ಬಗ್ಗೆ ಒಂದು ಮಾತು. ಬಳಸಿದ ಸೂಜಿಗೆ ಮುಚ್ಚಳವನ್ನು ಮತ್ತೆ ಹಾಕಬಾರದು. ಚುಚ್ಚಿದರೂ ತೂತಾಗದ ಡಬ್ಬಿಗೆ ಕೂಡಲೇ ಹಾಕಬೇಕು, ಡಬ್ಬಿ ಮುಕ್ಕಾಲು ತುಂಬಿದಾಗ ಬದಲಾಯಿಸಬೇಕು. ಪ್ರತಿರೋಧವಿಲ್ಲದವರಿಗೆ ಸೂಜಿ ಚುಚ್ಚಿದಾಗ ಹೆಪಟೈಟಿಸ್ ಬಿ ತಗುಲುವ ಸಾಧ್ಯತೆ, ರೋಗಿಯ ಸ್ಥಿತಿಗೆ ಅನುಗುಣವಾಗಿ, ಶೇಕಡಾ 30ರವರೆಗೂ ಇರಬಹುದು; ಎಚ್ಐವಿ ತಗುಲುವುದು ಸುಮಾರು ಶೇಕಡಾ 0.3. ನಾವು ಹೆಚ್ಚು ಹೆದರುವುದು ಎರಡನೆಯದಕ್ಕೆ, ಆದರೆ ಮೊದಲನೆಯದಕ್ಕೆ ಲಸಿಕೆಯಿದೆ ಮತ್ತು ಅದನ್ನು ಪೂರ್ತಿ ಹಾಕಿಸಿಕೊಳ್ಳದೆ ವಾರ್ಡಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು ತಕ್ಷಣ ತಿಳಿಸಿ. ಎಚ್ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ವಿಷಯವನ್ನು ಮುಚ್ಚಿಟ್ಟರೆ ಈ ಗಂಟೆಗಳು ಕಳೆದುಹೋಗುತ್ತವೆ. ಹಾಗೆ ಬೈಯುವ ಮೇಲಧಿಕಾರಿ ಸೋಂಕು ನಿಯಂತ್ರಣಕ್ಕೆ ದೊಡ್ಡ ಅಡ್ಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲಕ್ಷಣ ಮತ್ತು ಹರಡುವಿಕೆಯ ನಡುವಿನ ಸಂಬಂಧವನ್ನು ಹೀಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ರೋಗಿಯನ್ನು ಹುಡುಕಿ ಪ್ರತ್ಯೇಕವಾಗಿಡುವುದು ಎಂದರೆ ಅವರ ಇಚ್ಛೆಯ ವಿರುದ್ಧವೂ ಇಡಬೇಕಾಗಬಹುದು. ಕ್ಷಯದಂತಹ ರೋಗದಲ್ಲಿ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ನೆರೆಹೊರೆಯವರಿಗೆ ತಿಳಿದೀತೆಂಬ ಭಯದಿಂದ ಕೆಲವರು ರೋಗವನ್ನೇ ಬಚ್ಚಿಡುತ್ತಾರೆ, ಕೆಲವರು ಅರ್ಧಕ್ಕೇ ಮಾತ್ರೆ ನಿಲ್ಲಿಸುತ್ತಾರೆ. ಇಂಥವರನ್ನೆಲ್ಲ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುವುದು ಕುಟುಂಬಕ್ಕೂ ಸಮುದಾಯಕ್ಕೂ ಹೆಚ್ಚು ಸುರಕ್ಷಿತವಲ್ಲವೇ?

ಉತ್ತರ: ಕ್ಷಯ ನಿಯಂತ್ರಣದಲ್ಲಿ ಕೆಲಸ ಮಾಡಿದ ನಿವೃತ್ತ ಆರೋಗ್ಯ ಸಂದರ್ಶಕಿ

ನೀವು ಕೇಳಿರುವ ಪ್ರಶ್ನೆಯನ್ನೇ 1956ರಲ್ಲಿ ಮದರಾಸಿನಲ್ಲಿ ಒಂದು ದೊಡ್ಡ ಪ್ರಯೋಗದ ಮೂಲಕ ಪರೀಕ್ಷಿಸಲಾಯಿತು. ಅಲ್ಲಿಯವರೆಗೆ ಕ್ಷಯ ರೋಗಿಗೆ ಸ್ಯಾನಿಟೋರಿಯಂ (ಕ್ಷಯ ರೋಗಿಗಳನ್ನು ಇರಿಸಿಕೊಳ್ಳುವ ಆಸ್ಪತ್ರೆ), ವಿಶ್ರಾಂತಿ, ಪೌಷ್ಟಿಕ ಆಹಾರ ಅನಿವಾರ್ಯವೆಂಬ ನಂಬಿಕೆಯಿತ್ತು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿಯೂ ಇನ್ನೊಂದಕ್ಕೆ ಅವರ ಕಿಕ್ಕಿರಿದ ಮನೆಗಳಲ್ಲಿಯೇ ಇರಿಸಿಯೂ ಒಂದು ವರ್ಷ ಅದೇ ಔಷಧಗಳನ್ನು ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದವು. ಮನೆಯ ಗುಂಪಿನವರ ಊಟ ಕಡಿಮೆ ಗುಣಮಟ್ಟದ್ದಾಗಿತ್ತು, ವಿಶ್ರಾಂತಿಯೂ ಕಡಿಮೆಯಿತ್ತು, ಆದರೂ ಹಾಗಾಯಿತು. ಮುಂದಿನ ವರ್ಷಗಳಲ್ಲಿ ಎರಡೂ ಗುಂಪುಗಳ ಕುಟುಂಬದವರನ್ನು ಗಮನಿಸಿದಾಗ, ಮನೆಯಲ್ಲೇ ಚಿಕಿತ್ಸೆ ಪಡೆದವರ ಮನೆಮಂದಿಗೆ ಹೆಚ್ಚು ರೋಗ ಬಂದಿರಲಿಲ್ಲ. ಅವರಿಗೆ ಸೋಂಕು ತಗುಲಿದ್ದು ಹೆಚ್ಚಾಗಿ ರೋಗ ಪತ್ತೆಯಾಗುವ ಮೊದಲು. ಪರಿಣಾಮಕಾರಿ ಚಿಕಿತ್ಸೆ ಆರಂಭವಾದ ಮೇಲೆ ರೋಗಿಯಿಂದ ಹರಡುವಿಕೆ ಬೇಗನೆ ತಗ್ಗುತ್ತದೆ. ಆದ್ದರಿಂದ ಕ್ಷಯದಲ್ಲಿ ಕೂಡಿಹಾಕುವುದಕ್ಕಿಂತ ಬೇಗ ಪತ್ತೆ ಮಾಡುವುದೂ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದೂ ಮುಖ್ಯ.

ಆ ಪ್ರಯೋಗದಲ್ಲಿ ಮನೆಯ ಗುಂಪಿನವರು ತಮ್ಮಷ್ಟಕ್ಕೆ ಬಿಟ್ಟವರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಆರೋಗ್ಯ ಸಂದರ್ಶಕಿಯರು ಮನೆಗೆ ಹೋಗುತ್ತಿದ್ದರು, ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು, ಔಷಧ ದೇಹದೊಳಗೆ ಹೋಗಿದೆಯೇ ಎಂದು ಮೂತ್ರ ಪರೀಕ್ಷೆಯಿಂದ ತಿಳಿಯುತ್ತಿದ್ದರು. ಮನೆಯ ಚಿಕಿತ್ಸೆಯ ಯಶಸ್ಸಿನಲ್ಲಿ ಔಷಧದಷ್ಟೇ ಪಾಲು ಆ ಭೇಟಿಗಳದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಧಕ್ಕೆ ನಿಲ್ಲಿಸುವವರನ್ನು ಬೇಜವಾಬ್ದಾರರೆಂದು ಕರೆಯುವುದು ಸುಲಭ. ಆದರೆ ಮಾತ್ರೆ ನಿಲ್ಲಿಸಿದವರ ಮನೆಯಲ್ಲಿ ಕುಳಿತು ಕೇಳಿದರೆ ಪ್ರತಿಯೊಬ್ಬರಿಗೂ ಒಂದು ಕಾರಣವಿರುತ್ತದೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ರೂಢಿಯಲ್ಲಿದೆ; ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಆಮೇಲೆ ಕಡಿಮೆ. ಕೆಲವೇ ವಾರಗಳಲ್ಲಿ ಕೆಮ್ಮು ನಿಂತು, ಹಸಿವು ಮರಳಿ, ಮೈ ತುಂಬಿಕೊಳ್ಳುತ್ತದೆ. ಗುಣವಾದೆನೆಂದು ತಿಳಿದವರು ಮಾತ್ರೆಯನ್ನು ಮುಂದುವರಿಸಲು ಕಾರಣವೇ ಕಾಣುವುದಿಲ್ಲ, ಆದರೆ ಆಗ ಉಳಿದಿರುವುದು ನಿಧಾನವಾಗಿ ಬೆಳೆಯುವ, ಸುಲಭವಾಗಿ ಸಾಯದ ರೋಗಾಣುಗಳು. ಇನ್ನು ಕೆಲವರು ರಿಫಾಂಪಿಸಿನ್ ತೆಗೆದುಕೊಂಡ ಮೊದಲ ದಿನವೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು, ರಕ್ತ ಹೋಗುತ್ತಿದೆಯೆಂದು ಗಾಬರಿಯಾಗಿ ನಿಲ್ಲಿಸಿರುತ್ತಾರೆ. ಅದು ಔಷಧದ ಬಣ್ಣ, ಅಪಾಯವಿಲ್ಲ ಎಂದು ಮೊದಲೇ ಹೇಳಿದ್ದರೆ ಆ ರೋಗಿ ಕೈತಪ್ಪುತ್ತಿರಲಿಲ್ಲ. ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ ಅಥವಾ ದೃಷ್ಟಿ ಮಂದವಾದರೆ ಮಾತ್ರ ತಡಮಾಡದೆ ಬರಬೇಕೆಂದೂ ಆಗಲೇ ತಿಳಿಸಬೇಕು. ಕೂಲಿ ಬಿಟ್ಟು ಔಷಧಕ್ಕೆ ಬರಲಾಗದವರಿಗೆ ಔಷಧವೇ ಹತ್ತಿರ ಹೋಗಬೇಕು.

ಬಲವಂತದ ಬಗ್ಗೆ ಕೇಳಿದ್ದೀರಿ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತಾನು ಆರೋಗ್ಯವಾಗಿದ್ದುಕೊಂಡೇ ಟೈಫಾಯ್ಡ್ ರೋಗಾಣುವಿನ ವಾಹಕಳಾಗಿದ್ದಳು. ಆಕೆಯನ್ನು 1907ರಲ್ಲಿ ಹಿಡಿದು ಪ್ರತ್ಯೇಕವಾಗಿಟ್ಟು, ಅಡುಗೆ ಕೆಲಸ ಮಾಡಬಾರದೆಂಬ ಷರತ್ತಿನ ಮೇಲೆ 1910ರಲ್ಲಿ ಬಿಟ್ಟರು. ಆಕೆಗೆ ಗೊತ್ತಿದ್ದ, ಸಂಪಾದನೆ ಕೊಡುತ್ತಿದ್ದ ಕೆಲಸ ಅದೊಂದೇ. ಬಟ್ಟೆ ಒಗೆಯುವ ಕೆಲಸದಲ್ಲಿ ಕೂಲಿ ಕಡಿಮೆ. ಒಂದು ದಿನವೂ ಟೈಫಾಯ್ಡ್ ಅನುಭವಿಸಿದ ನೆನಪಿಲ್ಲದ ತಾನು ಇತರರಿಗೆ ಅದನ್ನು ಹರಡುತ್ತಿದ್ದೇನೆಂದು ಆಕೆ ಕೊನೆಯವರೆಗೂ ನಂಬಲಿಲ್ಲ. 1915ರಲ್ಲಿ ಬೇರೆ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಳು, ಆ ಮೇಲೆ 1938ರಲ್ಲಿ ಸಾಯುವವರೆಗೂ ಬಂಧನದಲ್ಲೇ ಇದ್ದಳು. ಆಕೆಯ ಹಠವನ್ನು ದೂರುವವರು, ಜೀವನೋಪಾಯವನ್ನು ಕಸಿದುಕೊಂಡು ಅದಕ್ಕೆ ಸಮನಾದ ಇನ್ನೊಂದನ್ನು ಕೊಡದಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹರಡಿದಾಗ ಇದೇ ಪಾಠ ಬಹಳ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ಎಬೋಲಾ ಲಕ್ಷಣ ಕಾಣುವ ಮೊದಲು ಹರಡುವುದಿಲ್ಲ. ರೋಗ ಉಲ್ಬಣಿಸಿದಾಗ ಮತ್ತು ಸಾವಿನ ನಂತರ ಶವದಿಂದ ತೀವ್ರವಾಗಿ ಹರಡುತ್ತದೆ. ಮೇಲಿನ ಬೋಧಕಿಯವರು ಹೇಳಿದ ಲೆಕ್ಕದಂತೆ ಅದನ್ನು ತಡೆಯುವುದು ಸುಲಭವಾಗಬೇಕಿತ್ತು. ಆದರೆ ಕೊಂಡೊಯ್ದ ರೋಗಿ ಮರಳುವುದಿಲ್ಲ, ಶವವನ್ನೂ ಕೊಡುವುದಿಲ್ಲ, ಹಿರಿಯರಿಗೆ ಸಲ್ಲಬೇಕಾದ ಸಂಸ್ಕಾರವೂ ಆಗುವುದಿಲ್ಲ ಎಂದು ಕಂಡುಕೊಂಡ ಕುಟುಂಬಗಳು ರೋಗಿಗಳನ್ನು ಬಚ್ಚಿಡತೊಡಗಿದವು. ಅಂತ್ಯಕ್ರಿಯೆಯನ್ನು ಸುರಕ್ಷಿತವಾಗಿ ಮಾತ್ರವಲ್ಲದೆ ಗೌರವಯುತವಾಗಿಯೂ ನಡೆಸುವ ಕ್ರಮ ಬಂದು, ಮನೆಯವರು ದೂರದಿಂದ ನೋಡಲು, ಪ್ರಾರ್ಥಿಸಲು ಅವಕಾಶವಾದ ಮೇಲೆ ಸಹಕಾರ ಹೆಚ್ಚಿತು. ಅಷ್ಟರಲ್ಲಿ ಬಹಳ ನಷ್ಟವಾಗಿತ್ತು. ಒಟ್ಟು 11 ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನೂರಾರು ನರ್ಸುಗಳು ಮತ್ತು ವೈದ್ಯರು ಸೇರಿದ್ದರು.

ನೆರೆಹೊರೆಯ ಭಯದ ವಿಷಯ ನಮ್ಮ ನಡತೆಯ ಮೇಲೆ ನಿಂತಿದೆ. ಸಂಪರ್ಕಿತರನ್ನು ವಿಚಾರಿಸಲು ಹೋದಾಗ ಯಾರಿಂದ ಸೋಂಕು ಬಂದಿರಬಹುದೆಂಬ ಹೆಸರನ್ನು ಬಾಯಿ ಬಿಡಬಾರದು, ಸಂಪರ್ಕಿತರು ಎಷ್ಟು ಒತ್ತಾಯಿಸಿದರೂ. ಬಾಗಿಲಲ್ಲಿ ನಿಂತು ಜೋರಾಗಿ ರೋಗದ ಹೆಸರು ಹೇಳಬಾರದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಅಥವಾ ಎಚ್ಐವಿ ಇರುವವರಿದ್ದರೆ ಅವರನ್ನು ಮೊದಲು ಪರೀಕ್ಷಿಸಬೇಕು. ಕ್ಷಯವಿಲ್ಲವೆಂದು ಖಚಿತವಾದರೆ ಅವರಿಗೆ ತಡೆ ಚಿಕಿತ್ಸೆ ಕೊಡಲಾಗುತ್ತದೆ. ರೋಗಿಯು ಒಮ್ಮೆ ನಿಮ್ಮನ್ನು ನಂಬಿದರೆ ಈ ಮಕ್ಕಳ ವಿಷಯವನ್ನು ತಾವಾಗಿಯೇ ಹೇಳುತ್ತಾರೆ, ಇಲ್ಲದಿದ್ದರೆ ಆ ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸಿಬಿಟ್ಟಿರುತ್ತಾರೆ.

ಉತ್ತರ: ಲಸಿಕಾ ಕಾರ್ಯಕ್ರಮದ ಮೇಲ್ವಿಚಾರಕ

ಮೂವರೂ ಹೇಳಿದ ನಂಬಿಕೆಯ ಮಾತಿಗೆ ಲಸಿಕೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಚುಚ್ಚುಮದ್ದು ಕೊಡುವುದು ಮಾತ್ರವೇ ಎಂದು ಕೇಳಿದ್ದೀರಿ. ಆ ಒಂದು ಕೆಲಸವನ್ನು ಸರಿಯಾಗಿ ಮಾಡುವುದೇ ಸಣ್ಣದಲ್ಲ.

ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿ ತಗುಲಬಾರದೆಂಬುದು ಎಲ್ಲರಿಗೂ ಗೊತ್ತಿದೆ, ಆದರೆ ಹೆಪಟೈಟಿಸ್ ಬಿ, ಧನುರ್ವಾಯು ಮತ್ತು ಗಂಟಲಮಾರಿ ಸೇರಿದ ಲಸಿಕೆಗಳು ಹೆಪ್ಪುಗಟ್ಟಿದರೂ ಹಾಳಾಗುತ್ತವೆ. ಮಂಜುಗಡ್ಡೆಯ ಪ್ಯಾಕನ್ನು ನೇರವಾಗಿ ಅವುಗಳ ಪಕ್ಕದಲ್ಲಿಟ್ಟರೆ ನಾವೇ ಅವುಗಳನ್ನು ಕೆಡಿಸಿದಂತಾಗುತ್ತದೆ. ಶೀಶೆಯ ಮೇಲಿನ ಗುರುತಿನಲ್ಲಿ ಒಳಚೌಕದ ಬಣ್ಣ ಹೊರವೃತ್ತದಷ್ಟು ಗಾಢವಾಗಿದ್ದರೆ ಬಿಸಿಯಿಂದ ಕೆಟ್ಟಿದೆಯೆಂದು ತಿಳಿಯುತ್ತದೆ. ಹೆಪ್ಪುಗಟ್ಟಿ ಕೆಟ್ಟದ್ದನ್ನು ಆ ಗುರುತು ತೋರಿಸುವುದಿಲ್ಲ. ಅನುಮಾನ ಬಂದಾಗ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ಬ್ಯಾಚಿನ ಇನ್ನೊಂದು ಶೀಶೆಯೊಂದಿಗೆ ಕುಲುಕಿ, ಗಸಿ ಯಾವುದರಲ್ಲಿ ಬೇಗ ಕೂರುತ್ತದೆ ಎಂದು ಹೋಲಿಸಿ ನೋಡಬೇಕು. ಇಂತಹ ಲಸಿಕೆಯನ್ನು ಹಾಕಿದರೆ ಪಟ್ಟಿಯಲ್ಲಿ ಮಗುವಿನ ಹೆಸರಿನ ಮುಂದೆ ಗುರುತು ಬೀಳುತ್ತದೆ, ಮಗುವಿಗೆ ರಕ್ಷಣೆ ಸಿಗುವುದಿಲ್ಲ.

ದಡಾರದ ಲಸಿಕೆ ಪುಡಿಯ ರೂಪದಲ್ಲಿದ್ದು, ಅದರದೇ ದ್ರಾವಕದಲ್ಲಿ ಕರಗಿಸಬೇಕಾಗುತ್ತದೆ. ಕರಗಿಸಿದ ಮೇಲೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ವಸ್ತುವಿರುವುದಿಲ್ಲ. ಆದ್ದರಿಂದ ಕರಗಿಸಿದ ಸಮಯವನ್ನು ಶೀಶೆಯ ಮೇಲೆ ಬರೆದು, ಶಿಬಿರದ ಕೊನೆಗೆ ಅಥವಾ ಹೆಚ್ಚೆಂದರೆ 6 ಗಂಟೆಯೊಳಗೆ, ಎಷ್ಟು ಡೋಸ್ ಉಳಿದಿದ್ದರೂ, ಎಸೆಯಲೇಬೇಕು. ಕೆಲವು ಕಾರ್ಯಕ್ರಮಗಳಲ್ಲಿ ಈ ಅವಧಿ ಇನ್ನೂ ಕಡಿಮೆ. ನಿಮ್ಮ ಕಾರ್ಯಕ್ರಮದ ನಿಯಮವನ್ನು ಪಾಲಿಸಿ. 2017ರಲ್ಲಿ ದಕ್ಷಿಣ ಸುಡಾನಿನ ಒಂದು ದೂರದ ಪ್ರದೇಶದಲ್ಲಿ ದಡಾರ ಲಸಿಕೆ ಅಭಿಯಾನದ ವೇಳೆ ಒಂದೇ ಸಿರಿಂಜನ್ನು ದಿನಗಟ್ಟಲೆ ಲಸಿಕೆ ಕರಗಿಸಲು ಬಳಸಿ, ಲಸಿಕೆಯನ್ನು ತಂಪಿಲ್ಲದೆ ಇಟ್ಟಿದ್ದರಿಂದ ನಂಜೇರಿ 15 ಮಕ್ಕಳು ಸತ್ತರು. ಲಸಿಕೆಯಲ್ಲಿ ದೋಷವಿರಲಿಲ್ಲ. ಹಾಕಿದವರು ಸರಿಯಾದ ತರಬೇತಿಯಿಲ್ಲದವರು. ಇಂತಹ ಒಂದು ಘಟನೆಯ ನಂತರ ಸುತ್ತಲಿನ ಎಷ್ಟು ತಾಯಂದಿರು ಮುಂದಿನ ಶಿಬಿರಕ್ಕೆ ಮಕ್ಕಳನ್ನು ಕರೆತರಲು ಹಿಂಜರಿಯುತ್ತಾರೆ ಎಂಬುದನ್ನು ಯೋಚಿಸಿ.

ಲಸಿಕೆ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ. ಜ್ವರ ಬರಬಹುದು, ಚುಚ್ಚಿದ ಜಾಗ ಊದಬಹುದು, ಏನು ಮಾಡಬೇಕು, ಯಾವುದಕ್ಕೆ ಮರಳಿ ಬರಬೇಕು, ಮುಂದಿನ ಡೋಸ್ ಯಾವಾಗ ಎಂಬುದನ್ನು ತಾಯಿಗೆ ತಿಳಿಸಿ, ಆಕೆಯ ಬಾಯಿಂದ ಮತ್ತೊಮ್ಮೆ ಹೇಳಿಸಿ. ಹಿಂದಿನ ಡೋಸಿನ ನಂತರ ಮಗುವಿಗೆ ಏನಾದರೂ ಆಗಿತ್ತೆಂದು ಆಕೆ ಹೇಳಿದರೆ ಅದನ್ನು ತಳ್ಳಿಹಾಕದೆ ಬರೆದುಕೊಂಡು ಮೇಲಕ್ಕೆ ವರದಿ ಮಾಡಿ, ತನಿಖೆಯಲ್ಲಿ ಏನು ತಿಳಿಯಿತೆಂದು ಆಕೆಗೆ ಮರಳಿ ಹೇಳಿ. ಬೋಧಕಿಯವರು ಹೇಳಿದ ಹಾಕಿಸಿಕೊಳ್ಳದವರ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಗಣನೀಯ ಪಾಲು ಹೀಗೆ ಹಿಂದೊಮ್ಮೆ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಹೋದವರದ್ದು.